ಸ್ಮರಣಾರ್ಥ ಚಿನ್ನದ ನಾಣ್ಯ: ನಾವು ಕೊಡೋದು ಚಿನ್ನಕ್ಕಾ, ಕತೆಗಾ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ, ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಹೈದರಾಬಾದಿನಿಂದ ನಿವೃತ್ತ ಮೇಷ್ಟ್ರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಯಾವುದೋ ಕಂಪನಿಯವರು ಅವರಿಗೆ ಫೋನ್ ಮಾಡಿ, ವಿದೇಶದ ಟಂಕಸಾಲೆಯೊಂದರ ಸ್ಮರಣಾರ್ಥ ಚಿನ್ನದ ನಾಣ್ಯಗಳ ಸೆಟ್ ಇದೆ, ಇಡೀ ಜಗತ್ತಿಗೆ ಇಂತಿಷ್ಟೇ ಅಚ್ಚು ಹಾಕಿದ್ದಾರೆ, ಬೆಲೆ ಏರ್ತಾನೇ ಹೋಗುತ್ತೆ ಅಂದಿದ್ದಾರೆ. ಮಗಳ ಮದುವೆಗೆ ಅಂತ ಎತ್ತಿಟ್ಟ ದುಡ್ಡಿದೆ. "ಸುಮ್ಮನೆ ಬ್ಯಾಂಕಿನಲ್ಲಿ ಕೊಳೆಯೋದಕ್ಕಿಂತ ಇದನ್ನ ತಗೊಂಡಿಡಲಾ?" ಅಂತ ಕೇಳಿದ್ದಾರೆ.

ಉತ್ತರ ಮೊದಲೇ ಹೇಳ್ತೀನಿ. ಮದುವೆ ದುಡ್ಡಲ್ಲಿ ಬೇಡ ಮೇಷ್ಟ್ರೇ. ಆದರೆ "ಬೇಡ" ಅಂತ ಹೇಳಿ ಬಿಟ್ಟರೆ ನಾಳೆ ಇನ್ನೊಬ್ಬರು ಫೋನ್ ಮಾಡ್ತಾರೆ, ಇನ್ನೂ ಚೆಂದವಾಗಿ ಮಾತಾಡ್ತಾರೆ. ಹಾಗಾಗಿ ಯಾಕೆ ಬೇಡ ಅನ್ನೋದನ್ನ ಇತಿಹಾಸದಿಂದಲೇ ನೋಡೋಣ. ಇದರಲ್ಲಿ ಜಪಾನಿನ ಒಂದು ಪ್ರಕರಣ ಇದೆ. ಅದೊಂದು ಗೊತ್ತಿದ್ದರೆ ಈ ವ್ಯಾಪಾರದ ಒಳಗುಟ್ಟೆಲ್ಲ ಗೊತ್ತಾದ ಹಾಗೆ.

ಒಂದು ನಾಣ್ಯ, ಮೂರು ಬೆಲೆ

ಯಾವುದೇ ಚಿನ್ನದ ನಾಣ್ಯ ಕೈಗೆ ಬಂದರೂ ಅದಕ್ಕೆ ಮೂರು ಬೆಲೆ ಇರುತ್ತೆ. ಮೊದಲನೆಯದು ಚಿನ್ನದ ಬೆಲೆ. ಕರಗಿಸಿದರೆ ಎಷ್ಟು ಬರುತ್ತೋ ಅದು. ಎರಡನೆಯದು ಮುಖಬೆಲೆ. ನಾಣ್ಯದ ಮೇಲೆ ಸರ್ಕಾರ ಬರೆದ ಅಂಕಿ. ಮೂರನೆಯದು ಕತೆಯ ಬೆಲೆ. ಯಾವ ರಾಜನದು, ಯಾವ ವರ್ಷದ್ದು, ಎಷ್ಟು ಉಳಿದಿವೆ, ಯಾರಿಗೆ ಬೇಕು, ಇವೆಲ್ಲ ಸೇರಿ ಆಗೋದು.

ನಮಗೆಲ್ಲ ಗೊತ್ತಿರೋ ಸವರನ್ ತಗೊಳ್ಳಿ. ಚೆನ್ನೈನಲ್ಲಿರೋರು ಈಗಲೂ ಚಿನ್ನದ ದರವನ್ನ ಸವರನ್ ಲೆಕ್ಕದಲ್ಲೇ ಕೇಳ್ತೀರಿ, 8 ಗ್ರಾಂ ಅಂತ. ಮುಂಬೈ, ಪುಣೆಯವರಿಗೆ ತೊಲದ ಲೆಕ್ಕ. ನಿಜವಾದ ಬ್ರಿಟಿಷ್ ಸವರನ್ ತೂಗೋದು 7.988 ಗ್ರಾಂ. ಅದು 22 ಕ್ಯಾರೆಟ್, ಅಂದರೆ ಅದರಲ್ಲಿರೋ ಶುದ್ಧ ಚಿನ್ನ 7.32 ಗ್ರಾಂ. ಇವತ್ತಿನ ದರದಿಂದ ಗುಣಿಸಿದರೆ ಮೊದಲನೇ ಬೆಲೆ ಸಿಕ್ತು. ಅದರ ಮೇಲೆ ಎಷ್ಟು ಕೊಟ್ಟರೂ ಅದು ಕತೆಗೆ ಕೊಟ್ಟದ್ದು.

ಕತೆಗೆ ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕತೆಗೆ ಎಷ್ಟು ಕೊಡ್ತಿದ್ದೀವಿ ಅಂತ ಗೊತ್ತಿಲ್ಲದೆ ಕೊಡೋದು ತಪ್ಪು.

ಕೂಡಿಡೋಕೆ ಹುಟ್ಟದ ನಾಣ್ಯಗಳು

ಹಳೆಯ ಚಿನ್ನದ ನಾಣ್ಯಗಳು ಖರ್ಚಿಗೆ ಹುಟ್ಟಿದವು. ವೆನಿಸ್ ನಗರ 1284ರಲ್ಲಿ ಡುಕಾಟ್ ಅನ್ನೋ ನಾಣ್ಯ ಶುರುಮಾಡಿತು. ಸುಮಾರು 3.5 ಗ್ರಾಂ ಚಿನ್ನ. ಐನೂರು ವರ್ಷ, 1797ರಲ್ಲಿ ಆ ಗಣರಾಜ್ಯ ಮುಗಿಯೋವರೆಗೆ, ತೂಕ ಹೆಚ್ಚುಕಡಿಮೆ ಹಾಗೇ ಉಳೀತು. ಮೆಣಸು, ಬಟ್ಟೆ ಕೊಳ್ಳೋಕೆ ಬಂದ ಆ ನಾಣ್ಯ ನಮ್ಮ ಪಶ್ಚಿಮ ಕರಾವಳಿಗೂ ಬಂತು. ಅದರ ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ನಗರದ ಅಧಿಪತಿ ಮೊಣಕಾಲೂರಿ ಕೂತ ಚಿತ್ರ, ಎರಡು ಪುಟ್ಟ ಬೊಂಬೆಗಳ ಹಾಗೆ. ನಮ್ಮವರು ಅದನ್ನ ಪುತಳಿ ಅಂದರು. ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ ಇವತ್ತಿಗೂ ಹಾಕ್ಕೊಳ್ಳೋ ಪುತಳಿ ಸರದ ಮೂಲ ಅದು. ನೋಡಿ, ನಾಣ್ಯ ಕೂಡಿಡೋದು ನಮಗೆ ಹೊಸತಲ್ಲ. ಆಲ್ಬಮ್ಮಿನಲ್ಲಿ ಇಡಲಿಲ್ಲ, ಕೊರಳಲ್ಲಿ ಹಾಕ್ಕೊಂಡರು, ಅಷ್ಟೇ.

ಮುಂಬೈ ಕನ್ನಡಿಗರಿಗೆ ಹತ್ತಿರದ ಇನ್ನೊಂದು ಉದಾಹರಣೆ. ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗಿರೋ ಟಂಕಸಾಲೆಯನ್ನ ನೀವು ನೋಡಿರ್ತೀರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಭಾರೀ ಅಭಾವ ಬಂತು. ಬೆಳ್ಳಿ ರೂಪಾಯಿ ಸಾಲದು, ನೋಟನ್ನ ಜನ ನಂಬಲ್ಲ. ಆಗ 1918ರಲ್ಲಿ ಅಲ್ಲಿ ಚಿನ್ನದ ನಾಣ್ಯ ಅಚ್ಚು ಹಾಕಿದರು. ಮೊದಲು 15 ರೂಪಾಯಿಯ ಚಿನ್ನದ ನಾಣ್ಯ, ಆಮೇಲೆ ಲಂಡನ್ನಿನ ರಾಯಲ್ ಮಿಂಟ್‌ನ ಶಾಖೆಯಾಗಿ ಸವರನ್. ಆ ಶಾಖೆ ಒಂದು ವರ್ಷವೂ ನಡೀಲಿಲ್ಲ. ಸುಮಾರು 13 ಲಕ್ಷ ಸವರನ್ ಅಚ್ಚಾಗಿ 1919ರಲ್ಲಿ ನಿಂತೇ ಹೋಯಿತು. ಹಿಂಬದಿಯಲ್ಲಿ ಕುದುರೆ ಮೇಲಿನ ಸೇಂಟ್ ಜಾರ್ಜ್ ಕಾಲಡಿಯ ನೆಲದ ಗೆರೆಯಲ್ಲಿ, ಇಸವಿಯ ಮೇಲ್ಗಡೆ, ಒಂದು ಚಿಕ್ಕ ಇಂಗ್ಲಿಷ್ 'ಐ' ಅಕ್ಷರ ಇರುತ್ತೆ. ಇಂಡಿಯಾದ 'ಐ'. ಆ ಒಂದು ಗೀಟಿಗೆ ಸಂಗ್ರಾಹಕರು ಇವತ್ತು ಚಿನ್ನದ ಬೆಲೆಯ ಮೇಲೆ ದುಡ್ಡು ಕೊಡ್ತಾರೆ.

ಯಾಕೆ ಕೊಡ್ತಾರೆ? ಅಚ್ಚು ಹಾಕಿದವರು ಅದನ್ನ ಅಪರೂಪ ಮಾಡಬೇಕು ಅಂತ ಹೊರಟಿರಲಿಲ್ಲ. ಜನ ಖರ್ಚು ಮಾಡಿದರು, ಕರಗಿಸಿ ಬಳೆ ಮಾಡಿಸಿದರು. ಉಳಿದದ್ದು ತಾನಾಗಿ ಉಳೀತು. ಅಮೆರಿಕದ 1933ರ 20 ಡಾಲರ್ ಚಿನ್ನದ ನಾಣ್ಯ ಇದಕ್ಕೆ ತುದಿಯ ಉದಾಹರಣೆ. 4,45,500 ಅಚ್ಚು ಹಾಕಿದರು, ಚಲಾವಣೆಗೆ ಬಿಡುವ ಮೊದಲೇ ಸರ್ಕಾರದ ಆಜ್ಞೆಯಂತೆ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿದರು. ತಪ್ಪಿಸಿಕೊಂಡ ಒಂದು ನಾಣ್ಯ 2021ರ ಹರಾಜಿನಲ್ಲಿ 1 ಕೋಟಿ 88 ಲಕ್ಷ ಡಾಲರ್ ದಾಟಿತು. ಕೋಟಿ ಬೆಲೆ ಬಂದದ್ದು ಕಳೆದುಹೋದ ನಾಲ್ಕು ಲಕ್ಷ ನಾಣ್ಯಗಳಿಂದ.

ಕೂಡಿಡೋಕೇ ಹುಟ್ಟಿದ ನಾಣ್ಯ

1967ರಲ್ಲಿ ದಕ್ಷಿಣ ಆಫ್ರಿಕಾ ಕ್ರುಗರ್‌ರಾಂಡ್ ತಂದಿತು. ಅದರಲ್ಲಿ ಸರಿಯಾಗಿ ಒಂದು ಔನ್ಸ್, ಅಂದರೆ 31.1 ಗ್ರಾಂ ಶುದ್ಧ ಚಿನ್ನ. ಅದರ ಮೇಲೆ ಮುಖಬೆಲೆಯೇ ಇಲ್ಲ. ಚಿನ್ನದ ದರ ಏನಿದೆಯೋ ಅದೇ ಬೆಲೆ, ಮೇಲೆ ಸ್ವಲ್ಪ ಮಜೂರಿ. ಇದು ಪ್ರಾಮಾಣಿಕ ವ್ಯಾಪಾರ. ಇಂಥವನ್ನ ಬುಲಿಯನ್ ನಾಣ್ಯ ಅಂತಾರೆ. ಇವತ್ತಿನ ವಿಷಯ ಇದಲ್ಲ.

ಇವತ್ತಿನ ವಿಷಯ ಇದರ ಅಣ್ಣತಮ್ಮ, ಸ್ಮರಣಾರ್ಥ ನಾಣ್ಯ. ಅದೂ ಚಿನ್ನವೇ, ಅದೂ ಟಂಕಸಾಲೆಯದ್ದೇ. ಆದರೆ ಅದನ್ನ ಮಾರೋದು ಕತೆ ಹೇಳಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅಮೆರಿಕ 10 ಡಾಲರಿನ ಚಿನ್ನದ ನಾಣ್ಯ ತಂದಿತು. 1933ರ ನಂತರ ಆ ದೇಶದ ಮೊದಲ ಚಿನ್ನದ ನಾಣ್ಯ! ಕತೆ ಭರ್ಜರಿಯಾಗಿತ್ತು. ಕನ್ನಡಿಯ ಹಾಗೆ ಹೊಳೆಯೋ ಪ್ರೂಫ್ ನಾಣ್ಯಕ್ಕೆ ಸುಮಾರು 350 ಡಾಲರ್. ಒಳಗಿದ್ದ ಶುದ್ಧ ಚಿನ್ನ 15 ಗ್ರಾಂ, ಅಂದಿನ ದರದಲ್ಲಿ ಅದರ ಅರ್ಧ ಬೆಲೆಯಷ್ಟು. ವೆಸ್ಟ್ ಪಾಯಿಂಟ್ ಟಂಕಸಾಲೆಯೊಂದರಲ್ಲೇ 3,81,085 ಪ್ರೂಫ್ ನಾಣ್ಯ ಮಾರಾಟವಾದವು. ಕೊಂಡವರೆಲ್ಲ ಡಬ್ಬಿ ಸಮೇತ ಜೋಪಾನವಾಗಿ ಇಟ್ಟರು. ಎಲ್ಲರೂ ಜೋಪಾನವಾಗಿ ಇಟ್ಟ ವಸ್ತು ಅಪರೂಪ ಆಗೋದು ಹೇಗೆ? ಒಳಗಿನ ಚಿನ್ನದ ಬೆಲೆ ಅವರು ಕೊಟ್ಟ 350 ಡಾಲರನ್ನ ಮುಟ್ಟಿ ನಿಂತದ್ದು 2007ರ ಹೊತ್ತಿಗೆ. 23 ವರ್ಷ. ಬಡ್ಡಿ ಇಲ್ಲ, ಡಿವಿಡೆಂಡ್ ಇಲ್ಲ, ಬರೀ ಡಬ್ಬಿ.

ಚಕ್ರವರ್ತಿಯ 60 ವರ್ಷ, ಒಂದು ಕೋಟಿ ನಾಣ್ಯ

ಈಗ ಜಪಾನಿಗೆ ಬರೋಣ. 1986ರಲ್ಲಿ ಚಕ್ರವರ್ತಿ ಹಿರೋಹಿತೋ ಸಿಂಹಾಸನಕ್ಕೆ ಬಂದು 60 ವರ್ಷ. ಆ ನೆನಪಿಗೆ ಸರ್ಕಾರ 1 ಲಕ್ಷ ಯೆನ್ ಮುಖಬೆಲೆಯ ಚಿನ್ನದ ನಾಣ್ಯ ತಂದಿತು. 20 ಗ್ರಾಂ ಶುದ್ಧ ಚಿನ್ನ, ಮೇಲೆ ಪಾರಿವಾಳದ ಚಿತ್ರ. ಕೊಳ್ಳೋ ಹಕ್ಕಿಗೆ ಲಾಟರಿ ಚೀಟಿ ಎತ್ತಬೇಕಾಯ್ತು, ಅಷ್ಟು ಬೇಡಿಕೆ ಬರುತ್ತೆ ಅಂತ ಲೆಕ್ಕ ಹಾಕಿದ್ದರು.

ಲೆಕ್ಕ ನೋಡಿ. ಆಗ ಜಪಾನಿನಲ್ಲಿ ಒಂದು ಗ್ರಾಂ ಚಿನ್ನಕ್ಕೆ ಸುಮಾರು 2 ಸಾವಿರ ಯೆನ್. 20 ಗ್ರಾಮಿಗೆ 40 ಸಾವಿರ. ಮಾರಿದ್ದು 1 ಲಕ್ಷಕ್ಕೆ. ಒಂದು ನಾಣ್ಯಕ್ಕೆ ಸರ್ಕಾರಕ್ಕೆ ಉಳಿಯೋದು ಸುಮಾರು 60 ಸಾವಿರ ಯೆನ್. ಅಚ್ಚು ಹಾಕಿದ್ದು ಎಷ್ಟು? ಒಂದು ಕೋಟಿ! ಅದಕ್ಕೆ ಬೇಕಾದ ಚಿನ್ನವೇ 200 ಟನ್. ಒಂದು ಕೋಟಿ ನಾಣ್ಯಕ್ಕೆ 60 ಸಾವಿರ ಕೋಟಿ ಯೆನ್ ಲಾಭ. ಕೊರತೆ ಬಜೆಟ್ಟಿನಲ್ಲಿದ್ದ ಖಜಾನೆಗೆ ಚಕ್ರವರ್ತಿಯ ಹಬ್ಬ ಒಳ್ಳೇ ಬೆಳೆ.

ಇದರಲ್ಲಿ ಒಂದು ಒಳ್ಳೇ ಅಂಶವೂ ಇತ್ತು, ಅದನ್ನ ಮರೆಯಬಾರದು. 1 ಲಕ್ಷ ಅಂತ ಬರೆದ ಮೇಲೆ ಅದು ಕಾನೂನುಬದ್ಧ ಹಣ. ಯಾವಾಗ ಬೇಕಾದ್ರೂ ಬ್ಯಾಂಕಿಗೆ ಕೊಟ್ಟು 1 ಲಕ್ಷ ಯೆನ್ ತಗೋಬಹುದು. 1999ರಲ್ಲಿ ಚಿನ್ನ ಗ್ರಾಮಿಗೆ ಸಾವಿರ ಯೆನ್ ಹತ್ತಿರಕ್ಕೆ ಇಳಿದಾಗ ಅದರೊಳಗಿನ ಚಿನ್ನ 20 ಸಾವಿರ ಯೆನ್‌ನದು. ಆದರೂ ನಾಣ್ಯಕ್ಕೆ 1 ಲಕ್ಷ ಬಂದೇ ಬರುತ್ತಿತ್ತು. ಮುಖಬೆಲೆ ಅನ್ನೋದು ಇಲ್ಲಿ ನೆಲದ ಹಾಗೆ ಕೆಲಸ ಮಾಡ್ತು, ಅದಕ್ಕಿಂತ ಕೆಳಗೆ ಬೀಳೋಕೆ ಬಿಡಲಿಲ್ಲ.

ಆದರೆ ಆ ನೆಲದ ಕೆಳಗೇ ಕಳ್ಳರು ಸುರಂಗ ತೋಡಿದರು. ಸಾಮಾನ್ಯವಾಗಿ ಖೋಟಾ ನಾಣ್ಯ ಅಂದರೆ ಏನು? ಚಿನ್ನದ ಬದಲು ಹಿತ್ತಾಳೆ, ಮೇಲೆ ಗಿಲೀಟು. ಅಕ್ಕಸಾಲಿ ಒರೆಗಲ್ಲಿಗೆ ತಿಕ್ಕಿದರೆ ಸಿಕ್ಕಿಬೀಳ್ತಾನೆ. ಇಲ್ಲಿ ಕಳ್ಳರು ಅಸಲಿ ಚಿನ್ನವನ್ನೇ, ಸರಿಯಾಗಿ 20 ಗ್ರಾಂ ಹಾಕಿ ಅಚ್ಚು ಹಾಕಿದರು! 40 ಸಾವಿರದ ಚಿನ್ನ ಹಾಕಿದರೆ 1 ಲಕ್ಷದ ನಾಣ್ಯ. ಸರ್ಕಾರ ಮಾಡಿದ ಲಾಭವನ್ನೇ ಅವರೂ ಮಾಡಿದರು. ಒರೆಗಲ್ಲು ಏನು ಮಾಡುತ್ತೆ? ತಕ್ಕಡಿ ಏನು ಹೇಳುತ್ತೆ? ಎರಡೂ ಅಸಲಿ ಅಂತಲೇ ಹೇಳಬೇಕು.

1990ರ ಜನವರಿಯಲ್ಲಿ ವಿಷಯ ಹೊರಗೆ ಬಂತು. ಯುರೋಪಿನಿಂದ ನಾಣ್ಯ ವ್ಯಾಪಾರಿಗಳ ಮೂಲಕ ಬಂದು ಜಪಾನಿನ ಬ್ಯಾಂಕುಗಳಲ್ಲಿ ಜಮೆಯಾಗುತ್ತಿದ್ದ ನಾಣ್ಯಗಳ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಣ್ಣ ವ್ಯತ್ಯಾಸ ಕಂಡಿತು. ಚಿನ್ನ ಅಲ್ಲ, ಸುತ್ತಿದ ಪ್ಲಾಸ್ಟಿಕ್ ಅವರನ್ನ ಹಿಡಿಸಿಕೊಟ್ಟಿತು. ಹುಡುಕ್ತಾ ಹೋದರೆ 1 ಲಕ್ಷಕ್ಕೂ ಹೆಚ್ಚು ಖೋಟಾ ನಾಣ್ಯ. ಮುಖಬೆಲೆಯಲ್ಲಿ ಸಾವಿರ ಕೋಟಿ ಯೆನ್ ಮೀರಿದ್ದು. ಅಚ್ಚು ಹಾಕಿದವರು ಯಾರು ಅಂತ ಕೊನೆಗೂ ಸಿಕ್ಕಲಿಲ್ಲ.

ಇದರ ನಂತರ ಜಪಾನ್ ತಾನೂ ಬದಲಾಯ್ತು. ಮುಂದಿನ ಚಕ್ರವರ್ತಿ ಅಕಿಹಿತೋ ಪಟ್ಟಕ್ಕೆ ಬಂದಾಗ ಅದೇ 1 ಲಕ್ಷ ಯೆನ್ ನಾಣ್ಯಕ್ಕೆ 20ರ ಬದಲು 30 ಗ್ರಾಂ ಚಿನ್ನ ಹಾಕಿದರು. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ನಾಣ್ಯದಲ್ಲಿ 15.6 ಗ್ರಾಂ ಚಿನ್ನ, ಮುಖಬೆಲೆ ಮಾತ್ರ 10 ಸಾವಿರ ಯೆನ್. ಒಳಗಿನ ಚಿನ್ನವೇ ಮುಖಬೆಲೆಗಿಂತ ಹೆಚ್ಚು. ಹಾಗೆ ಮಾಡಿದರೆ ಕಳ್ಳನಿಗೆ ಲಾಭ ಇಲ್ಲ. ಆದರೆ ಕೊಳ್ಳೋನಿಗೆ ಆ ನೆಲವೂ ಹೋಯಿತು. ಮುಖಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟು ಕೊಂಡದ್ದನ್ನ ಬ್ಯಾಂಕಿಗೆ ಕೊಟ್ಟರೆ 10 ಸಾವಿರ ಯೆನ್ ಮಾತ್ರ.

ಇನ್ನು 1986ರ ನಾಣ್ಯ ಕೊಂಡ ಸಾಮಾನ್ಯ ಜಪಾನಿಯ ಕತೆ ಏನಾಯ್ತು? ವರ್ಷಗಟ್ಟಲೆ ಅದರ ಬೆಲೆ 1 ಲಕ್ಷದ ಆಸುಪಾಸಿನಲ್ಲೇ ಇತ್ತು. ಒಂದು ಕೋಟಿ ಜನರ ಬೀರುವಿನಲ್ಲಿರೋ ನಾಣ್ಯಕ್ಕೆ ಯಾರು ಹೆಚ್ಚು ಕೊಡ್ತಾರೆ? ಗ್ರಾಮಿಗೆ 5 ಸಾವಿರ ಯೆನ್ ಗಡಿಯನ್ನ ಚಿನ್ನ ದಾಟಿ ಮೇಲೇ ನಿಂತದ್ದು 2019-20ರ ಹೊತ್ತಿಗೆ. ಅಲ್ಲಿಗೆ 33 ವರ್ಷ. 2023ರಲ್ಲಿ ಗ್ರಾಮಿಗೆ 10 ಸಾವಿರ ಆದಾಗ ಆ ನಾಣ್ಯ 2 ಲಕ್ಷ ಬಾಳಿತು. ಒಳ್ಳೇದೇ ಅಲ್ವಾ ಅಂತೀರಿ. ಅದೇ ಮನುಷ್ಯ 1986ರಲ್ಲಿ ಅದೇ 1 ಲಕ್ಷಕ್ಕೆ ಬರೀ ಚಿನ್ನದ ಗಟ್ಟಿ ಕೊಂಡಿದ್ದರೆ ಸುಮಾರು 50 ಗ್ರಾಂ ಬರುತ್ತಿತ್ತು. 2023ಕ್ಕೆ ಅದು 5 ಲಕ್ಷ. ಕತೆಯ ಬೆಲೆ 3 ಲಕ್ಷ ಯೆನ್.

ಯಾರೂ ಕೊಳ್ಳದ ನಾಣ್ಯ

ಹಾಗಾದ್ರೆ ಹೊಸ ಸ್ಮರಣಾರ್ಥ ನಾಣ್ಯದಿಂದ ಯಾರಿಗೂ ಲಾಭ ಆಗಿಲ್ವಾ? ಆಗಿದೆ. ಜಾಕಿ ರಾಬಿನ್ಸನ್ ಅಂತ ಬೇಸ್‌ಬಾಲ್ ಆಟಗಾರ. ಕಪ್ಪು ಜನರನ್ನ ದೊಡ್ಡ ಲೀಗಿಗೆ ಸೇರಿಸದೇ ಇದ್ದ ಕಾಲದಲ್ಲಿ, 1947ರಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ತಂಡದಿಂದ ಕಣಕ್ಕಿಳಿದ ಧೀರ. ಅದರ 50ನೇ ವರ್ಷಕ್ಕೆ, 1997ರಲ್ಲಿ, ಅಮೆರಿಕ 5 ಡಾಲರ್ ಚಿನ್ನದ ನಾಣ್ಯ ತಂದಿತು. 1 ಲಕ್ಷ ನಾಣ್ಯಕ್ಕೆ ಅನುಮತಿ ಇತ್ತು. ಪ್ರೂಫ್ 24,072 ಹೋದವು. ಸಾದಾ ಅಚ್ಚಿನವು ಹೋದದ್ದು 5,174 ಮಾತ್ರ.

ಯಾಕೆ ಅಂದ್ರೆ ಅಷ್ಟು ಹೊತ್ತಿಗೆ ಸಂಗ್ರಾಹಕರು ಸುಸ್ತಾಗಿದ್ದರು. ವರ್ಷಕ್ಕೆ ಎಷ್ಟೊಂದು ನೆನಪು, ಎಷ್ಟೊಂದು ಸೆಟ್ಟು. ಕೊನೆಗೆ ಅಲ್ಲಿನ ಸಂಸತ್ತೇ 1996ರಲ್ಲಿ ಕಾನೂನು ಮಾಡಿ, 1999ರಿಂದ ವರ್ಷಕ್ಕೆ ಎರಡೇ ಸ್ಮರಣಾರ್ಥ ಯೋಜನೆ ಅಂತ ಮಿತಿ ಹಾಕಬೇಕಾಯ್ತು. ಆ ಸುಸ್ತಿನ ನಡುವೆ ಬಂದ ರಾಬಿನ್ಸನ್ ನಾಣ್ಯವನ್ನ ಜನ ತಿರುಗಿ ನೋಡಲಿಲ್ಲ. ಆಮೇಲೆ ಸಂಖ್ಯೆ ಎಷ್ಟು ಕಡಿಮೆ ಅಂತ ತಿಳಿದಾಗ ಅದರ ಬೆಲೆ ಸಾವಿರಾರು ಡಾಲರಿಗೆ ಹಾರಿತು. ಮುಂದೆ ಅಲ್ಲಿಂದ ಇಳಿಯಿತು ಕೂಡ.

ಇದರಿಂದ ಕಲಿಯೋದು ಇಷ್ಟು: ಫೋನ್ ಮಾಡಿ ಮಾರಬೇಕಾದ ನಾಣ್ಯ ಅಪರೂಪದ್ದಲ್ಲ. ಅಪರೂಪ ಆಗೋ ನಾಣ್ಯಕ್ಕೆ ಆ ದಿನ ಗಿರಾಕಿಯೇ ಇರಲ್ಲ, ಯಾವುದು ಅದು ಅಂತ ಮುಂಚೆ ಹೇಳೋಕೂ ಆಗಲ್ಲ. "ಲಿಮಿಟೆಡ್ ಎಡಿಷನ್" ಅನ್ನೋ ಮಾತು ಎಷ್ಟು ಅಚ್ಚು ಹಾಕ್ತೀವಿ ಅಂತ ಹೇಳುತ್ತೆ. ಎಷ್ಟು ಜನಕ್ಕೆ ಬೇಕು ಅಂತ ಹೇಳಲ್ಲ.

ನಮ್ಮ ಊರಿನ ತಕ್ಕಡಿ

ಮಾಟುಂಗಾದಲ್ಲಿ ಇದ್ದ ನಮ್ಮ ಸೋದರಮಾವ ಒಮ್ಮೆ ಇಂಥದ್ದೇ ಒಂದು ವಿದೇಶಿ ನಾಣ್ಯ ತಗೊಂಡಿದ್ದರು. ಸಾಗವಾನಿ ಡಬ್ಬಿ, ನೀಲಿ ಮಖಮಲ್ಲು, ನಂಬರು ಹಾಕಿದ ಸರ್ಟಿಫಿಕೇಟು. ಅತ್ತೆಯ ಆಪರೇಷನ್ನಿಗೆ ದುಡ್ಡು ಬೇಕಾದಾಗ ನಾನೇ ಅವರ ಜತೆ ಚಿನ್ನದಂಗಡಿಗೆ ಹೋಗಿದ್ದೆ. ಅಂಗಡಿಯವರು ಡಬ್ಬಿ ಬದಿಗಿಟ್ಟರು, ಸರ್ಟಿಫಿಕೇಟು ಬಿಚ್ಚಿಯೂ ನೋಡಲಿಲ್ಲ, ನಾಣ್ಯ ತಕ್ಕಡಿಗೆ ಹಾಕಿದರು. "ಡಬ್ಬಿ ನೀವೇ ಇಟ್ಕೊಳ್ಳಿ, ಮಾಮಾ" ಅಂದರು. ಅವರು ಮೋಸ ಮಾಡಲಿಲ್ಲ. ಅವರಿಗೆ ಆ ಕತೆ ಕೊಳ್ಳೋ ಗಿರಾಕಿ ಇರಲಿಲ್ಲ, ಅಷ್ಟೇ. ಕತೆಗೆ ಗಿರಾಕಿ ಬೇಕಾದರೆ ಆ ದೇಶದ ಸಂಗ್ರಾಹಕ ಬೇಕು. ಅವನು ಮಾಟುಂಗಾದಲ್ಲಿ ಎಲ್ಲಿ ಸಿಗ್ತಾನೆ?

ನಮ್ಮ ದೇಶದ್ದೂ ಎರಡು ಮಾತು. 2015ರ ನವೆಂಬರಿನಲ್ಲಿ ಬಂದ 'ಇಂಡಿಯನ್ ಗೋಲ್ಡ್ ಕಾಯಿನ್'ನಲ್ಲಿ ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿ, 24 ಕ್ಯಾರೆಟ್. ಅದು ಗ್ರಾಂ ಲೆಕ್ಕದ ಚಿನ್ನ, ಖರ್ಚಿಗೆ ಚಲಿಸೋ ಹಣ ಅಲ್ಲ. ಹಾಗೆ ತಿಳಿದು ಕೊಂಡರೆ ತೊಂದರೆ ಇಲ್ಲ. ಬ್ಯಾಂಕಿನಲ್ಲಿ ಕೊಂಡ ಚಿನ್ನದ ನಾಣ್ಯವನ್ನ ಬ್ಯಾಂಕು ವಾಪಸ್ ಕೊಳ್ಳಲ್ಲ, ಅದೂ ನೆನಪಿರಲಿ. ಕೊಳ್ಳುವಾಗ ಕೊಟ್ಟ ಶೇಕಡಾ 3 ಜಿಎಸ್‌ಟಿ ಮಾರುವಾಗ ತಿರುಗಿ ಬರಲ್ಲ.

ಮನೆಯಲ್ಲಿ ಅಜ್ಜಿ ಕಾಲದ 1918ರ ಮುಂಬೈ ಸವರನ್ ಇದೆಯಾ? ದಯವಿಟ್ಟು ಕರಗಿಸೋ ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ. ವಿದೇಶದಲ್ಲಿರೋ ಮಕ್ಕಳಿಗೆ ಕೊಡೋಣ ಅಂತ ಸೂಟ್‌ಕೇಸಿಗೆ ಹಾಕಬೇಡಿ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ.

ಹಾಗಾದ್ರೆ ಕೂಡಿಡಬಾರದಾ?

ಕೂಡಿಡಿ. ಖುಷಿಗೆ ಕೂಡಿಡಿ. ಪುಸ್ತಕ ಕೊಂಡ ಹಾಗೆ, ಸಂಗೀತ ಕಚೇರಿಗೆ ಟಿಕೆಟ್ ತಗೊಂಡ ಹಾಗೆ. ನಾಳೆ ಮಾರಿ ಲಾಭ ಮಾಡ್ತೀನಿ ಅಂತ ಯಾರೂ ಕಚೇರಿಗೆ ಹೋಗಲ್ಲ. ರಾಬಿನ್ಸನ್ ಕತೆ ಇಷ್ಟ ಆಗಿ ಆ ನಾಣ್ಯ ಕೊಂಡವನಿಗೆ ಬೆಲೆ ಏರಿದರೂ ಇಳಿದರೂ ನಷ್ಟ ಇಲ್ಲ. ಖುಷಿಗೆ ಚಿನ್ನವೇ ಆಗಬೇಕು ಅಂತಲೂ ಇಲ್ಲ. 2006ರಲ್ಲಿ ನಮ್ಮ ಸರ್ಕಾರ ಬಸವಣ್ಣನವರ ನೆನಪಿಗೆ 5 ರೂಪಾಯಿ ನಾಣ್ಯ ತಂದಿತ್ತು. ದೆಹಲಿಯಲ್ಲೋ ಪುಣೆಯಲ್ಲೋ ಚಿಲ್ಲರೆಯಲ್ಲಿ ಅದು ಕೈಗೆ ಬಂದರೆ ಸಿಗೋ ಸಂತೋಷಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಆದರೆ ಮದುವೆ, ಓದು, ಔಷಧಿಗೆ ಅಂತ ಇಟ್ಟ ದುಡ್ಡನ್ನ ಕತೆಗೆ ಹಾಕಬೇಡಿ. ಅದರಲ್ಲಿ ಚಿನ್ನವೇ ಬೇಕು ಅಂದ್ರೆ ಕತೆ ಇಲ್ಲದ ಚಿನ್ನ ಕೊಳ್ಳಿ. ಫೋನ್ ಮಾಡಿದವರಿಗೆ ಮೂರೇ ಪ್ರಶ್ನೆ ಕೇಳಿ. ಇದರಲ್ಲಿ ಶುದ್ಧ ಚಿನ್ನ ಎಷ್ಟು ಗ್ರಾಂ? ಇವತ್ತಿನ ದರದ ಮೇಲೆ ಎಷ್ಟು ಹೆಚ್ಚು ತಗೋತಿದ್ದೀರಿ? ಇವತ್ತು ಕೊಂಡು ನಾಳೆ ಬೆಳಿಗ್ಗೆ ನಿಮಗೇ ವಾಪಸ್ ಕೊಟ್ಟರೆ ಎಷ್ಟು ಕೊಡ್ತೀರಿ, ಬರೆದುಕೊಡಿ. ಮೂರನೇ ಪ್ರಶ್ನೆಗೆ ಬಹುಪಾಲು ಫೋನುಗಳು ತಾವಾಗೇ ಕಟ್ ಆಗ್ತವೆ.

ನಿಮ್ಮ ಮನೆಯಲ್ಲಿ ಹಳೇ ಸವರನ್ ಇದ್ದರೆ ಒಂದು ಭೂತಗನ್ನಡಿ ತಗೊಂಡು ಇಸವಿಯ ಮೇಲ್ಗಡೆ ಆ ಚಿಕ್ಕ 'ಐ' ಇದೆಯಾ ನೋಡಿ. ಇದ್ದರೆ ಅದು ಯಾರ ಕಾಲದಿಂದ, ಹೇಗೆ ಮನೆಗೆ ಬಂತು ಅನ್ನೋದನ್ನ ನಮಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.